ಭೀಮಸೇನ ಅಂಕಲ್ ಅದಲುಬದಲು ಮಾಡಿಕೊಂಡ ಓಟು

ನನಗೆ ಸಿಟ್ಟು ಬೇಗ ಬರುತ್ತದೆ. ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಭೀಮಸೇನ ಅಂಕಲ್ ಬಗ್ಗೆ ಬರೆಯಲು ಕೂತರೆ ಮೊದಲು ಬರುವುದೂ ಸಿಟ್ಟೇ. ಇಷ್ಟು ಒಳ್ಳೆಯ ಮನುಷ್ಯ ಇಷ್ಟು ದೊಡ್ಡ ಪೆದ್ದನಾಗಲು ಹೇಗೆ ಸಾಧ್ಯ ಎಂದು ಈಗಲೂ ಕಾರು ಓಡಿಸುವಾಗ ಒಬ್ಬಳೇ ಗೊಣಗುತ್ತೇನೆ.

ನಾನು ಸುಪ್ರೀತಾ. ಆಸ್ಟ್ರೇಲಿಯಾದ ಪರ್ತ್ ನಗರದ ಕ್ಯಾನಿಂಗ್ ವೇಲ್ ಬಡಾವಣೆಯಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ಇಲ್ಲಿನ ಗಣಿಗಳಲ್ಲಿ ದುಡಿಯುವ ನಮ್ಮ ಕಡೆಯ ಗಂಡಸರ ಬೆನ್ನು, ಭುಜ, ಮಂಡಿಗಳೆಲ್ಲ ಒಂದಲ್ಲ ಒಂದು ದಿನ ನನ್ನ ಟೇಬಲ್ಲಿಗೆ ಬಂದೇ ಬರುತ್ತವೆ. ಎದುರಿಗೆ ಕೂತಾಗ ಬಾಯಿಬಿಡದವರು ಬೋರಲು ಮಲಗಿ, ಟೇಬಲ್ಲಿನ ತೂತಿನೊಳಗೆ ಮುಖ ಇಟ್ಟುಕೊಂಡರೆ ಎಲ್ಲವನ್ನೂ ನೆಲಕ್ಕೆ ಹೇಳುತ್ತಾರೆ. ಹೀಗಾಗಿ ಕ್ಯಾನಿಂಗ್ ವೇಲ್‌ನ ಅರ್ಧ ಕನ್ನಡಿಗರ ಗುಟ್ಟು ನನ್ನ ಹತ್ತಿರ ಇದೆ. ಬೇರೆಯವರದ್ದನ್ನು ಯಾರಿಗೂ ಹೇಳುವುದಿಲ್ಲ. ಅಂಕಲ್ ಮಾತ್ರ "ಬರಿಯಮ್ಮ, ಇನ್ನೇನು ಉಳಿದಿದೆ ಮುಚ್ಚಿಡೋಕೆ" ಎಂದಿದ್ದಾರೆ.

ಅವರು ಜಿಯಾಲಜಿಸ್ಟ್. ಎರಡು ವಾರ ಉತ್ತರದ ಕಬ್ಬಿಣದ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ನೆಲ ಕೊರೆದು ತೆಗೆದ ಉದ್ದುದ್ದ ಕಲ್ಲಿನ ಕೋಲುಗಳನ್ನು ತಟ್ಟೆಗಳಲ್ಲಿ ಸಾಲಾಗಿಟ್ಟಿರುತ್ತಾರೆ. ಅದಕ್ಕೆ ನೀರು ಚಿಮುಕಿಸಿ, ಬಗ್ಗಿ ನೋಡಿ, ಎಷ್ಟನೇ ಮೀಟರಿಗೆ ಯಾವ ಕಲ್ಲು ಎಂದು ಬರೆಯುವುದು ಅವರ ಕೆಲಸ. ಮೂವತ್ತೈದು ವರ್ಷ ಬಗ್ಗಿದ ಬೆನ್ನು ಅದು. ವಯಸ್ಸು ಅರವತ್ತೆರಡು, ಮದುವೆಯಾಗಿಲ್ಲ. ಯಾರ ಮನೆಯ ಗೃಹಪ್ರವೇಶವಾದರೂ ಮೊದಲು ಬಂದು ಕುರ್ಚಿ ಜೋಡಿಸುವವರು, ಕೊನೆಗೆ ಪಾತ್ರೆ ಒರೆಸಿಟ್ಟು ಹೋಗುವವರು ಅವರೇ. "ಅಂಕಲ್, ನಿಮಗೊಂದು ಸಂಬಂಧ ನೋಡ್ಲಾ?" ಎಂದು ಹೆಂಗಸರು ಕಾಡಿಸಿದರೆ ನಕ್ಕು ಇನ್ನೊಂದು ತಟ್ಟೆ ಒರೆಸುತ್ತಾರೆ.

ಅವರಿಗೊಂದು ಹುಚ್ಚಿದೆ, ಆಸ್ಟ್ರೇಲಿಯಾದ ಓಟಿನ ಪದ್ಧತಿ. ಇಲ್ಲಿ ಒಬ್ಬರಿಗೆ ಗುರುತು ಹಾಕಿದರೆ ಸಾಲದು. ನಿಂತವರೆಲ್ಲರ ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ನಮ್ಮ ಇಷ್ಟದ ಕ್ರಮದಲ್ಲಿ ಅಂಕೆ ಹಾಕಬೇಕು. ನಾವು ಒಂದು ಹಾಕಿದವರು ಸೋತು ಹೊರಬಿದ್ದರೆ ನಮ್ಮ ಓಟು ಎರಡು ಹಾಕಿದವರಿಗೆ ಹೋಗುತ್ತದೆ. ಹೊಸದಾಗಿ ಪ್ರಜೆಗಳಾದ ಕನ್ನಡಿಗರನ್ನೆಲ್ಲ ಹಿಡಿದು ಕೂರಿಸಿ ಅಂಕಲ್ ಇದನ್ನು ಕಲಿಸುತ್ತಾರೆ. ನನಗೂ ಕಲಿಸಿದ್ದರು. ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ತೊಗರಿಬೇಳೆ, ಹೆಸರುಬೇಳೆ, ಕಡಲೆಬೇಳೆಯ ಡಬ್ಬಗಳನ್ನು ಸಾಲಾಗಿಟ್ಟು, "ಅಂಗಡೀಲಿ ತೊಗರಿ ಇಲ್ಲ ಅಂದ್ರೆ ನೀನು ಸಾರೇ ಮಾಡಲ್ವಾ? ಹೆಸರುಬೇಳೆ ತಗೊಂಡು ಬರ್ತೀಯ ತಾನೇ?" ಎಂದು ಅರ್ಧ ಗಂಟೆ ಪಾಠ ಮಾಡಿದರು. ನಾನು ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಎಣಿಸುತ್ತಾ ಹೂಂ ಹೂಂ ಎಂದೆ.

2022ರ ಮೇ ತಿಂಗಳಲ್ಲಿ ನನ್ನ ಮೊದಲ ಆಸ್ಟ್ರೇಲಿಯನ್ ಓಟು. ಶನಿವಾರ ಬೆಳಿಗ್ಗೆ, ಮನೆಯ ಹತ್ತಿರದ ಪ್ರೈಮರಿ ಸ್ಕೂಲು. ಗೇಟಿನ ಹತ್ತಿರ ಬಾರ್ಬೆಕ್ಯೂ ಒಲೆ ಹಚ್ಚಿ ಸಾಸೇಜ್ ಸುಡುತ್ತಿದ್ದರು. ಸಸ್ಯಾಹಾರಿಗಳಾದ ನಮಗೆ ಬ್ರೆಡ್ಡಿನ ಮೇಲೆ ಬರೀ ಹುರಿದ ಈರುಳ್ಳಿ. ಅಂಕಲ್ ಅದನ್ನೇ ತಿನ್ನುತ್ತಾ ನನಗಾಗಿ ಹೊರಗೆ ಕಾಯುತ್ತಿದ್ದರು. ನಾನು ಒಳಗೆ ಹೋಗಿ ಮೂರೇ ನಿಮಿಷಕ್ಕೆ ಹೊರಗೆ ಬಂದೆ.

"ಹಸಿರು ಬ್ಯಾಲೆಟ್ ಪೇಪರಲ್ಲಿ ಎಲ್ಲಾ ಬಾಕ್ಸಿಗೂ ನಂಬರ್ ಹಾಕಿದ್ಯಾ?"

"ನಂಬರ್ರಾ? ಟಿಕ್ ಹಾಕ್ದೆ ಅಂಕಲ್. ನಂಗೆ ಬೇಕಾದವ್ರಿಗೆ."

ಅವರ ಮುಖ ಸಪ್ಪಗಾಯಿತು. "ಅದು ಎಣಿಕೆಗೆ ಬರಲ್ಲ ಸುಪ್ರೀತಾ. ಆ ಓಟು ಹೋಯ್ತು."

ಮೈಸೂರಿನಲ್ಲಿ ಒಂದೇ ಗುರುತಿಗೆ ಒಂದೇ ಸಲ ಒತ್ತಿ ಬೆಳೆದ ಕೈ, ಅಭ್ಯಾಸಬಲದಿಂದ ಒಂದೇ ಕಡೆ ಟಿಕ್ ಹಾಕಿ ಬಂದಿತ್ತು. ನನಗೆ ನಗು ಬಂತು. ಅವರು ತಿನ್ನುತ್ತಿದ್ದ ಬ್ರೆಡ್ಡನ್ನು ಕಸದ ಡಬ್ಬಕ್ಕೆ ಹಾಕಿ ಕಾರಿನ ಕಡೆ ಹೊರಟೇಬಿಟ್ಟರು. ಈಗ ನನಗೆ ರೇಗಿತು. ಹಿಂದೆಯೇ ಹೋಗಿ, ಇದು ನನ್ನ ಓಟು, ಹಾಳಾದರೆ ನನ್ನದು ಹಾಳಾಯಿತು, ನಿಮಗ್ಯಾಕೆ ಇಷ್ಟು ಸಂಕಟ ಎಂದು ಪಾರ್ಕಿಂಗಿನಲ್ಲೇ ಕೂಗಾಡಿದೆ. ಅವರು ಕಾರು ಹತ್ತಿದರು.

ಸೋಮವಾರ ಬೆನ್ನು ತೋರಿಸಲು ಬಂದರು. ಟೇಬಲ್ಲಿನ ಮೇಲೆ ಬೋರಲು ಮಲಗಿದ ಮೇಲೆ ನೆಲದ ಕಡೆಯಿಂದ ಮಾತು ಬಂತು.

"ಅವತ್ತು ನಿನ್ನ ಮೇಲೆ ಕೋಪ ಮಾಡ್ಕೊಂಡಿದ್ದಲ್ಲಮ್ಮ. ನನ್ನದೂ ಒಂದು ಓಟು ಹಾಳಾಗಿತ್ತು. ಅಮೆರಿಕದಲ್ಲಿ."

ಅವತ್ತೂ, ಮುಂದೆ ಅವರು ಗಣಿಯಿಂದ ಮನೆಗೆ ಬಂದ ನಾಲ್ಕಾರು ಸೋಮವಾರಗಳೂ ಸೇರಿ ನನಗೆ ಗೊತ್ತಾದ ಕಥೆ ಇದು.

ಭೀಮಸೇನ ಅಂಕಲ್ ಮೈಸೂರಿನ ರೈಲ್ವೆ ಕಾಲೋನಿಯಲ್ಲಿ ಬೆಳೆದವರು. ಮಾನಸಗಂಗೋತ್ರಿಯಲ್ಲಿ ಜಿಯಾಲಜಿ ಎಂ.ಎಸ್ಸಿ. ಓದುವಾಗ ತರಗತಿಯಲ್ಲಿ ಹದಿನಾಲ್ಕು ಹುಡುಗರಿಗೆ ಒಬ್ಬಳೇ ಹುಡುಗಿ, ಕನಕ. ಕಲ್ಲಿನ ಪದರ ಅಳೆಯಲು ಕಾಡುಮೇಡು ಅಲೆಯುವಾಗ ಎಲ್ಲರಿಗಿಂತ ಮುಂದೆ ಸುತ್ತಿಗೆ ಹಿಡಿದು ನಡೆಯುತ್ತಿದ್ದವಳು, ಪರೀಕ್ಷೆಯಲ್ಲಿ ಎರಡು ಅಂಕದಿಂದ ಇವರನ್ನು ಹಿಂದಿಕ್ಕಿ ಚಿನ್ನದ ಪದಕ ಹೊಡೆದವಳು. ಆಮೇಲೆ ಇಬ್ಬರೂ ಓದಲು ಅಮೆರಿಕಕ್ಕೆ ಹೋದರು. ಅಂಕಲ್ ಫ್ಲಾರಿಡಾಕ್ಕೆ, ಓದು ಅರ್ಧಕ್ಕೆ ಬಿಟ್ಟು ಟ್ಯಾಂಪಾ ನಗರದ ಆಚೆ ಗೊಬ್ಬರಕ್ಕೆ ಬೇಕಾದ ಫಾಸ್ಫೇಟ್ ತೆಗೆಯುವ ಗಣಿ ಸೇರಿದರು. ಕನಕ ಬಾಸ್ಟನ್‌ನಲ್ಲಿ ಅಂತರ್ಜಲದ ವಿಷಯ ಓದಿ ಅಲ್ಲೇ ನಿಂತಳು, ಮದುವೆಯಾದಳು, ಆ ಮದುವೆ ಮೂರು ವರ್ಷಕ್ಕೆ ಮುರಿಯಿತು. ಮುರಿದ ವಾರ ಅವಳು ಫೋನ್ ಮಾಡಿದ್ದು ಇವರಿಗೆ. ಅಲ್ಲಿಂದ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನು. ಐದು ವರ್ಷ, ಒಂದು ವಾರವೂ ತಪ್ಪದೆ.

"ಪ್ರೀತಿ ಇತ್ತಾ ಅಂಕಲ್?" ನಾನು ನೇರವಾಗಿಯೇ ಕೇಳಿದೆ.

"ಇತ್ತು."

"ಹೇಳಿದ್ರಾ?"

"ಇಲ್ಲ. ಅವಳು ಒಂದು ಸಲ ನೋವು ತಿಂದಿದ್ಲು. ಇನ್ನೊಂದ್ ಸ್ವಲ್ಪ ದಿನ ಹೋಗ್ಲಿ ಅಂತ."

ಐದು ವರ್ಷ ಸ್ವಲ್ಪ ದಿನವೇ? ಅವರ ಬೆನ್ನಿನ ಮೇಲೆ ಒತ್ತಡ ಕೊಂಚ ಜಾಸ್ತಿಯೇ ಹಾಕಿದೆ. ಅವರು ನೋವೆಂದರೂ ಬಿಡಲಿಲ್ಲ.

2000ನೇ ಇಸವಿಯಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣೆ ಬಂತು. ಅಷ್ಟರಲ್ಲಿ ಇಬ್ಬರೂ ಅಲ್ಲಿನ ಪ್ರಜೆಗಳಾಗಿದ್ದರು, ಇಬ್ಬರಿಗೂ ಅದು ಮೊದಲ ಓಟು. ಕನಕಳಿಗೆ ಡೆಮಾಕ್ರಟಿಕ್ ಪಕ್ಷದ ಗೋರ್ ಗೆಲ್ಲಬೇಕು, ರಿಪಬ್ಲಿಕನ್ ಪಕ್ಷದ ಬುಷ್ ಬರಬಾರದು. ಅಂಕಲ್ ಮನಸ್ಸು ಇಬ್ಬರ ಮೇಲೂ ಇರಲಿಲ್ಲ. ಗಣಿಯ ಕೆಳಗಿನ ತೊರೆಯೊಂದರ ನೀರು ಬಣ್ಣ ತಿರುಗಿ, ಮೀನು ಸತ್ತು ತೇಲಿದ್ದನ್ನು ಅವರೇ ಕಂಡಿದ್ದರು. ಎರಡೂ ದೊಡ್ಡ ಪಕ್ಷದವರಿಗೆ ಪತ್ರ ಬರೆದರೆ ಒಂದು ಸಾಲಿನ ಉತ್ತರವಿಲ್ಲ. ಮೂರನೆಯ ಅಭ್ಯರ್ಥಿ ನೇಡರ್ ಪರವಾಗಿ ಓಡಾಡುತ್ತಿದ್ದ ನಾಲ್ಕು ಕಾಲೇಜು ಹುಡುಗಿಯರು ಮಾತ್ರ ಬಂದು, ಮೊಣಕಾಲುದ್ದ ಕೆಸರಿಗಿಳಿದು, ಬಾಟಲಿಗಳಲ್ಲಿ ನೀರು ತುಂಬಿಕೊಂಡು ಹೋಗಿದ್ದರು.

ಆದರೆ ಅಲ್ಲಿ ಅಂಕೆ ಹಾಕುವ ಪದ್ಧತಿಯಿಲ್ಲ. ಒಬ್ಬರಿಗೆ ಒಂದೇ ಗುರುತು. ಫ್ಲಾರಿಡಾದಲ್ಲಿ ಯಾರಿಗೆ ಒಂದು ಓಟು ಹೆಚ್ಚು ಬರುತ್ತದೋ ಇಡೀ ರಾಜ್ಯದ ಪಾಲು ಅವರದ್ದೇ. ಮೂರನೆಯವರಿಗೆ ಹಾಕಿದರೆ ತಮಗೆ ಎರಡನೆಯದಾಗಿ ಬೇಕಾದವರ ಕಾಲೆಳೆದಂತೆ. "ಮೂರನೆಯವನು ಗೆಲ್ಲಲ್ಲ, ಕೆಡಿಸ್ತಾನೆ ಅಷ್ಟೆ" ಎಂದು ಎಲ್ಲ ಕಡೆ ಇದೇ ಮಾತು. 1912ರಲ್ಲಿ ಮಾಜಿ ಅಧ್ಯಕ್ಷರೊಬ್ಬರೇ ಮೂರನೆಯವರಾಗಿ ನಿಂತು ತಮ್ಮ ಹಳೆಯ ಪಕ್ಷವನ್ನೇ ಸೋಲಿಸಿದ್ದರಂತೆ. ಅಂಕಲ್‌ಗೆ ಇವೆಲ್ಲ ಬಾಯಿಪಾಠ.

ಅದಕ್ಕೊಂದು ಉಪಾಯವನ್ನೂ ಆ ವರ್ಷ ಜನ ಕಂಡುಹಿಡಿದಿದ್ದರು. ಬಾಸ್ಟನ್ ಇರುವ ರಾಜ್ಯದಲ್ಲಿ ಗೋರ್ ಹೇಗೂ ಗೆಲ್ಲುತ್ತಾರೆ, ಅಲ್ಲಿ ಒಂದು ಓಟು ಮೂರನೆಯವರಿಗೆ ಹೋದರೆ ನಷ್ಟವಿಲ್ಲ. ಅಲ್ಲಿಯವರು ಮೂರನೆಯವರಿಗೆ ಹಾಕುವುದು, ಅದಕ್ಕೆ ಪ್ರತಿಯಾಗಿ ಫ್ಲಾರಿಡಾದವರು ಗೋರ್‌ಗೆ ಹಾಕುವುದು. ದೇಶಾದ್ಯಂತ ನೂರಕ್ಕೆ ಐದು ಓಟು ಬಂದರೆ ಮೂರನೆಯ ಪಕ್ಷಕ್ಕೆ ಮುಂದಿನ ಸಲ ಸರ್ಕಾರದ ನೆರವು ಸಿಗುತ್ತದೆಂಬ ಆಸೆ ಬೇರೆ. ಇಂಟರ್ನೆಟ್ಟಿನಲ್ಲಿ ಮುಖ ನೋಡದವರು ಹೀಗೆ ಓಟು ಅದಲುಬದಲು ಮಾಡಿಕೊಳ್ಳುತ್ತಿದ್ದರು. ಕನಕ ಒಂದು ಭಾನುವಾರ ಕೇಳಿದಳಂತೆ: "ನಾವಿಬ್ರೂ ಯಾಕೆ ಮಾಡ್ಕೋಬಾರ್ದು? ನನ್ನ ಓಟು ನಿನಗೆ, ನಿನ್ನದು ನನಗೆ." ಅಂಕಲ್ ಮಾತು ಕೊಟ್ಟರು. ಕೊಡುವಾಗ ಎದೆ ಹೊಡೆದುಕೊಂಡಿತು ಎಂದರು. ಯಾಕೆ ಎಂದು ನಾನು ಕೇಳಲಿಲ್ಲ, ಅಷ್ಟು ನನಗೂ ತಿಳಿಯುತ್ತದೆ.

ನವೆಂಬರ್ ಏಳು, ಮಂಗಳವಾರ. ಅವರ ಕಡೆ ಓಟು ಹಾಕುವುದೆಂದರೆ ಕಾರ್ಡಿನಲ್ಲಿ ಸೂಜಿಯಂಥ ಕಡ್ಡಿಯಿಂದ ತೂತು ಚುಚ್ಚುವುದು. ಗಣಿಗೆ ಹೋಗುವ ದಾರಿಯಲ್ಲಿ ಆ ತೊರೆಯ ಸೇತುವೆ ದಾಟಿಕೊಂಡೇ ಅವರು ಮತಗಟ್ಟೆಗೆ ಬಂದಿದ್ದರು.

"ಗೋರ್ ಹೆಸರಿನ ಹತ್ರಾನೇ ಕಡ್ಡಿ ಇಟ್ಟಿದ್ದೆ ಸುಪ್ರೀತಾ. ಆ ಹುಡುಗೀರು ಕೆಸರಲ್ಲಿ ನಿಂತಿದ್ದು ಕಣ್ಣಿಗೆ ಬಂತು. ಮೊದಲ್ನೇ ಓಟು, ಅದನ್ನೂ ಸುಳ್ಳೇ ಹಾಕ್ಲಾ ಅನ್ನಿಸ್ತು. ಕೈ ಕೆಳಗೆ ಹೋಯ್ತು. ಚುಚ್ಚಿಬಿಟ್ಟೆ."

ಆ ಸಂಜೆ ಕನಕ ಫೋನ್ ಮಾಡಿದಳು. "ನಾನು ನಿನ್ನ ಮನುಷ್ಯನಿಗೆ ಹಾಕ್ಬಿಟ್ಟೆ ಕಣೋ. ನೀನು?"

"ನಾನೂ ಹಾಕ್ದೆ," ಎಂದರು ಅಂಕಲ್.

ಮುಂದಿನದ್ದು ಜಗತ್ತಿಗೇ ಗೊತ್ತು. ಇಡೀ ದೇಶದ ಚುನಾವಣೆ ಫ್ಲಾರಿಡಾದಲ್ಲಿ ಬಂದು ಸಿಕ್ಕಿಹಾಕಿಕೊಂಡಿತು. ಟಿವಿಯಲ್ಲಿ ದಿನವಿಡೀ ಕನ್ನಡಕದ ಮುದುಕರು ಕಾರ್ಡುಗಳನ್ನು ಬೆಳಕಿಗೆ ಹಿಡಿದು ತೂತು ನೋಡುತ್ತಿದ್ದರು. ಭಾನುವಾರದ ಫೋನು ದಿನದ ಫೋನಾಯಿತು. "ಭೀಮ, ಟಿವೀಲಿ ನಿನ್ನ ಕಾರ್ಡು ಬಂತೇನೋ?" ಎಂದು ಅವಳು ನಗುತ್ತಾ ಕೇಳುವುದು, "ಇನ್ನೂ ಇಲ್ಲ" ಎಂದು ಇವರು ಹೇಳುವುದು. ನವೆಂಬರ್ 26ರ ಭಾನುವಾರ ಫ್ಲಾರಿಡಾದವರು ಅಂತರವನ್ನು ಅಧಿಕೃತವಾಗಿ ಘೋಷಿಸಿದರು. ಬುಷ್ ಮುಂದಿದ್ದುದು ಬರೀ 537 ಓಟಿನಿಂದ. ಅದೇ ರಾಜ್ಯದಲ್ಲಿ ಮೂರನೆಯವರಿಗೆ ಬಿದ್ದದ್ದು ತೊಂಬತ್ತೇಳು ಸಾವಿರಕ್ಕೂ ಹೆಚ್ಚು. ದೇಶಾದ್ಯಂತ ಅವರಿಗೆ ನೂರಕ್ಕೆ ಮೂರೂ ಬಂದಿರಲಿಲ್ಲ.

ಅವತ್ತು ಫೋನು ಹೊಡೆದುಕೊಂಡಿತು. ಅಂಕಲ್ ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಕ್ರಿಸ್‌ಮಸ್‌ವರೆಗೆ ಹನ್ನೊಂದು ಸಲ ಬಂತು. ಆನ್ಸರಿಂಗ್ ಮೆಷಿನ್‌ನಲ್ಲಿ ಅವಳ ಧ್ವನಿ: "ಭೀಮ, ನಾನು. ಫೋನ್ ಮಾಡು." ಕೊನೆಯದು ಸ್ವಲ್ಪ ಉದ್ದ: "ಭೀಮ, ಒಂದು ಮಾತು ಕೇಳ್ಬೇಕು. ಮೆಷಿನ್‌ಗೆ ಹೇಳೋ ಅಂಥದ್ದಲ್ಲ."

"ಅವಳಿಗೆ ಅನುಮಾನ ಬಂದ್ಬಿಟ್ಟಿದೆ ಅಂತ ಗೊತ್ತಾಯ್ತು," ಎಂದರು ಅಂಕಲ್. "ಒಂದು ಸುಳ್ಳು ಹೇಳಿ ಆಗಿತ್ತು. ಇನ್ನೊಂದು ಬಾಯಿಗೆ ಬರ್ಲಿಲ್ಲ, ನಿಜಾನೂ ಬರ್ಲಿಲ್ಲ."

ಆಮೇಲೆ ಫೋನು ನಿಂತಿತು. ನಾಲ್ಕು ವರ್ಷ ಬಿಟ್ಟು ಅಂಕಲ್ ಪರ್ತ್‌ಗೆ ಬಂದರು.

ನಾನು ಅವರನ್ನು ಎಬ್ಬಿಸಿ ಕೂರಿಸಿದೆ. "ಅಲ್ಲ ಅಂಕಲ್, ನೀವು ಮಾತು ಉಳಿಸಿಕೊಂಡಿದ್ರೂ 537 ಇದ್ದಿದ್ದು 536 ಆಗ್ತಿತ್ತು. ಅಷ್ಟೇ! ಅದಕ್ಕೆ ಇಪ್ಪತ್ತು ವರ್ಷ ಕೊರಗೋದಾ?"

"ತೊಂಬತ್ತೇಳು ಸಾವಿರ ಜನಾನೂ ಹಾಗೇ ಅಂದ್ಕೊಂಡ್ವಲ್ಲಮ್ಮ."

"ಎಲ್ರೂ ಗೋರ್‌ಗೇ ಹಾಕ್ತಿದ್ರು ಅಂತ ಏನ್ ಗ್ಯಾರಂಟಿ?"

"ಇಲ್ಲ. ಅರ್ಧ ಜನ ಅವರಿಗೆ, ಕಾಲು ಭಾಗ ಬುಷ್‌ಗೆ, ಉಳಿದವ್ರು ಮನೇಲೇ ಇರ್ತಿದ್ರು ಅಂತ ಒಂದು ಅಂದಾಜು. ಅದೆಲ್ಲ ಓದಿದ್ದೀನಿ. ಮೂರನೆಯವನು ಕಳ್ಳ ಅಂತಾನೂ ನಾನು ಒಪ್ಪಲ್ಲ, ಓಟು ಕೊಟ್ಟವರು ನಾವು. ನಂಗೆ ಬುಷ್ ಗೆದ್ದಿದ್ದು ದುಃಖ ಅಲ್ಲ ಸುಪ್ರೀತಾ. ಪ್ರಜೆಯಾಗಿ ಹಾಕಿದ ಮೊದಲನೇ ಓಟನ್ನ ಅವಳು ನಂಗೆ ಕೊಟ್ಟಿದ್ಲು." ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಅವರು ಇದನ್ನು ಹೇಳಿದರು. ನಾನು ಬೈಯುವುದನ್ನು ಅಲ್ಲಿಗೇ ನಿಲ್ಲಿಸಿದೆ.

2024ರ ಅಕ್ಟೋಬರ್‌ನಲ್ಲಿ ಸುದ್ದಿ ಬಂತು. ತಂದದ್ದು ಹಾಲಪ್ಪ ಅಂಕಲ್. ಇವರ ಮಾನಸಗಂಗೋತ್ರಿಯ ಸಹಪಾಠಿ, ಈಗ ಬ್ರಿಸ್ಬೇನ್ ಕಡೆಯ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿದ್ದಾರೆ. ಅವರ ಮನೆಯಿಂದ ಆಫೀಸಿಗೆ ರೈಲಿನಲ್ಲಿ ಬಹಳ ಹೊತ್ತು ಹಿಡಿಯುತ್ತದೆ, ಅಷ್ಟೂ ಹೊತ್ತು ಹಳೆಯ ತರಗತಿಯವರಿಗೆಲ್ಲ ವಾಟ್ಸಾಪ್‌ನಲ್ಲಿ ಗುಡ್ ಮಾರ್ನಿಂಗ್ ಕಳಿಸುವುದು ಅವರ ಕಸುಬು. ಆ ಗುಂಪಿಗೆ ಕನಕಳನ್ನು ಹುಡುಕಿ ಸೇರಿಸಿದ್ದರು. ಅವಳು ಮತ್ತೆ ಮದುವೆಯಾಗಿದ್ದಳು, ಉದಯಶಂಕರ್ ಎನ್ನುವವರನ್ನು. ಅವರು ಐದು ವರ್ಷದ ಹಿಂದೆ ತೀರಿಕೊಂಡರು. ಈಗ ಅಂತರ್ಜಲದ ಕೆಲಸದ ಮೇಲೆ ಮಗಳೊಂದಿಗೆ ಅಡಿಲೇಡಿಗೆ ಬಂದಿದ್ದಾಳೆ, ಗ್ಲೆನೆಲ್ಗ್‌ನಲ್ಲಿ ಸಮುದ್ರದ ಹತ್ತಿರ ಅಪಾರ್ಟ್‌ಮೆಂಟು. ಇದನ್ನು ಅಂಕಲ್ ನನಗೆ ಹೇಳಿದ್ದು ಮೂರು ವಾರ ಕಳೆದ ಮೇಲೆ.

"ಮೂರು ಗಂಟೆ ಫ್ಲೈಟು ಅಂಕಲ್! ಆಮೇಲೆ ಒಂದು ಟ್ರ್ಯಾಮು!"

"ಗಣಿ ಡ್ಯೂಟಿ ರೋಸ್ಟರ್ ಸರಿಯಾಗಿ ಕೂರ್ತಿಲ್ಲ."

ಎರಡು ದಿನ ಬಿಟ್ಟು ಕೇಳಿದರೆ ಹಲ್ಲು ನೋವು. ಅದಾದ ಮೇಲೆ ಕೇಳಿದರೆ ಮಳೆಗೆ ಗ್ಯಾರೇಜು ಸೋರುತ್ತಿದೆ ಎಂದರು. ಪರ್ತ್‌ನಲ್ಲಿ ನವೆಂಬರ್ ಎಂದರೆ ಬೇಸಿಗೆಯ ಬಾಗಿಲು, ಆ ವಾರ ಒಂದು ಹನಿಯೂ ಬಿದ್ದಿರಲಿಲ್ಲ.

ಅದೇ ಸಮಯಕ್ಕೆ ಅಮೆರಿಕದ ಇನ್ನೊಂದು ಚುನಾವಣೆ. ಬೇರೆ ದೇಶದಲ್ಲಿದ್ದರೂ ಅವರ ಓಟು ಇನ್ನೂ ಫ್ಲಾರಿಡಾದ್ದೇ, ಮತಪತ್ರ ಈಮೇಲ್‌ನಲ್ಲಿ ಬರುತ್ತದೆ. ನನ್ನ ಕ್ಲಿನಿಕ್ಕಿನ ಪ್ರಿಂಟರಿನಲ್ಲಿ ತೆಗೆದುಕೊಂಡು, ಪೇಷೆಂಟುಗಳು ಕಾಯುವ ಕುರ್ಚಿಯಲ್ಲಿ ಕೂತರು. ಅದರಲ್ಲೂ ಮೂರನೆಯವರು, ನಾಲ್ಕನೆಯವರು, ಐದನೆಯವರು. ನಾನು ಇಬ್ಬರು ಪೇಷೆಂಟುಗಳನ್ನು ಮುಗಿಸಿ ಬಂದರೂ ಪೆನ್ನು ಹಿಡಿದು ಹಾಗೇ ಕೂತಿದ್ದರು.

"ಒಂದೇ ಗುರುತು ಸುಪ್ರೀತಾ. ಇನ್ನೂ ಏನೇನು ಮನಸ್ಸಲ್ಲಿತ್ತು ಅಂತ ಅವ್ರಿಗೆ ಗೊತ್ತಾಗೋದೇ ಇಲ್ಲ," ಎಂದರು. ಯಾರಿಗೆ ಹಾಕಿದರೋ ನಾನು ಕೇಳಲಿಲ್ಲ.

ಮರುವರ್ಷ ಏಪ್ರಿಲ್‌ನಲ್ಲಿ ಅಡಿಲೇಡಿನಲ್ಲಿ ನನಗೆ ಎರಡು ದಿನದ ಟ್ರೇನಿಂಗ್ ಇತ್ತು. ಎರಡು ಟಿಕೆಟ್ ತೆಗೆದೆ. ಬರದಿದ್ದರೆ ನಿಮ್ಮ ಬೆನ್ನನ್ನು ಬೇರೆ ಯಾರಿಗಾದರೂ ತೋರಿಸಿಕೊಳ್ಳಿ, ನನ್ನ ಬಾಗಿಲು ತುಳಿಯಬೇಡಿ ಎಂದೆ. ಅವರು ಫೋನಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ಕಳಿಸಿದ್ದು ಇಷ್ಟು: "ನಾನು ಭೀಮ. ಅಡಿಲೇಡಿಗೆ ಬರ್ತಿದ್ದೀನಿ. ಸಿಗ್ಬಹುದಾ?" ಒಂದೇ ನಿಮಿಷಕ್ಕೆ ಉತ್ತರ: "ಬಾ."

ವಿಮಾನದಲ್ಲಿ ಅವರು ಹೇಳಬೇಕಾದ್ದನ್ನು ಅಭ್ಯಾಸ ಮಾಡುತ್ತಿದ್ದರು, ತುಟಿ ಅಲ್ಲಾಡುತ್ತಿತ್ತು. ಬೈಸಿಕೊಂಡು ಬರುತ್ತೇನೆ, ಅವಳು ಬೈದರೆ ಸಾಕು ಎಂದರು. ನಿಜ ಹೇಳಬೇಕು, ಅವಳು ಕ್ಷಮಿಸಬೇಕು, ಮತ್ತೆ ಭಾನುವಾರ ಫೋನಿನಲ್ಲಿ ಅವಳ ಧ್ವನಿ ಕೇಳಬೇಕು. ಅವರಿಗೆ ಬೇಕಿದ್ದದ್ದು ಇಷ್ಟೇ. ಇಷ್ಟಕ್ಕೆ ಆ ಮನುಷ್ಯ ಇಪ್ಪತ್ನಾಲ್ಕು ವರ್ಷ ಹಂಬಲಿಸಿದ್ದರು.

ಗ್ಲೆನೆಲ್ಗ್‌ನಲ್ಲಿ ಸಮುದ್ರದೊಳಕ್ಕೆ ಚಾಚಿದ ಜೆಟ್ಟಿಯೆಂಬ ಕಟ್ಟೆಯ ಎದುರಿಗಿನ ಕೆಫೆಯಲ್ಲಿ ಕನಕ ಆಂಟಿ ಆಗಲೇ ಬಂದು ಕೂತಿದ್ದರು. ಕತ್ತರಿಸಿದ ನರೆಗೂದಲು, ಬಿಸಿಲಿಗೆ ಕಂದಿದ ಮುಖ, ಕಾಲಿಗೆ ಮಣ್ಣು ಮೆತ್ತಿದ ಬೂಟು. ಅಂಕಲ್ ಎರಡು ಮಾರು ದೂರದಲ್ಲೇ ನಿಂತುಬಿಟ್ಟರು. ಆಕೆಯೇ ಎದ್ದು ಬಂದು, "ಏನೋ, ಇಷ್ಟು ಸಣ್ಣಗಾಗಿದ್ದೀಯ!" ಎಂದರು. ನಾನು ಆಚೆ ಅಡ್ಡಾಡಿ ಬರುತ್ತೇನೆ ಎಂದರೆ ಬಿಡಲಿಲ್ಲ.

"ಕೂತ್ಕೊಮ್ಮ. ನೀನಿಲ್ದೆ ಇದ್ರೆ ಇವನು ಕಾಫಿ ಕುಡಿದು ಹೋಗ್ಬಿಡ್ತಾನೆ, ಬಾಯೇ ಬಿಡಲ್ಲ."

ಹಾಲಪ್ಪನ ಗುಡ್ ಮಾರ್ನಿಂಗ್‌ಗಳಿಗೆ ಇಬ್ಬರೂ ನಕ್ಕರು. ಕಬ್ಬಿಣದ ಗಣಿ, ಉಪ್ಪಾಗುತ್ತಿರುವ ಬೋರ್‌ವೆಲ್ಲುಗಳು, ಮೈಸೂರಿನಲ್ಲಿ ತೀರಿಕೊಂಡ ಮೇಷ್ಟ್ರು, ಎಲ್ಲ ಬಂದುಹೋಯಿತು. ಮುಖ್ಯವಾದದ್ದು ಬರಲಿಲ್ಲ. ನಾನು ಮೇಜಿನ ಕೆಳಗೆ ಅಂಕಲ್ ಕಾಲಿಗೆ ಒದ್ದೆ.

"ಕನಕ, ನಾನು ಅವತ್ತು..." ಎಂದು ಶುರುಮಾಡಿದರು. ವಿಮಾನದಲ್ಲಿ ಅಭ್ಯಾಸ ಮಾಡಿದ್ದೆಲ್ಲ ಎಲ್ಲಿ ಹೋಯಿತೋ, ತೊರೆ, ಕಡ್ಡಿ, ತೂತು ಎಲ್ಲ ಹಿಂದುಮುಂದಾಗಿ ಹೇಳಿದರು. "ನಾನು ಗೋರ್‌ಗೆ ಹಾಕ್ಲಿಲ್ಲ. ನಿಂಗೆ ಸುಳ್ಳು ಹೇಳ್ದೆ. ನೀನು ಮಾತು ಉಳಿಸ್ಕೊಂಡೆ, ನಾನು ಉಳಿಸ್ಕೊಳ್ಳಲಿಲ್ಲ."

ಆಕೆ ಕೊನೆಯವರೆಗೂ ಕೇಳಿಸಿಕೊಂಡರು. "ಗೊತ್ತಿತ್ತು."

"ಯಾವಾಗ?"

"ಅವತ್ತು ಸಂಜೆನೇ. ನೀನು ಯಾವತ್ತು ಒಂದೇ ಮಾತಲ್ಲಿ ಉತ್ತರ ಕೊಟ್ಟಿದ್ದೆ ನಂಗೆ? ಗಣಿ ಕಥೆ, ತೊರೆ ಕಥೆ ಎಲ್ಲಾ ಹೇಳಿ ಆಮೇಲೆ ತಾನೇ ವಿಷಯಕ್ಕೆ ಬರೋದು? 'ಹಾಕ್ದೆ' ಅಂದೆ ಅಷ್ಟೇ."

"ಮತ್ತೆ ದಿನಾ ಯಾಕೆ ಕೇಳ್ತಿದ್ದೆ, ಕಾರ್ಡು ಬಂತಾ ಅಂತ?"

"ನೀನಾಗೇ ಹೇಳ್ಲಿ ಅಂತ. ಹೇಳಿದ್ರೆ ಚೆನ್ನಾಗಿ ಬೈದು ಮುಗಿಸ್ತಿದ್ದೆ. ಒಂದು ಓಟಿಗೆ ನಿನ್ನ ಬಿಟ್ಬಿಡ್ತಿದ್ನಾ ನಾನು?"

ಅಂಕಲ್ ಮುಖದಲ್ಲಿ ಎಷ್ಟೋ ವರ್ಷದ ಗಂಟು ಸಡಿಲವಾದದ್ದು ನನಗೆ ಕಂಡಿತು. ನಗಲೂ ಹೊರಟರು. ಆಮೇಲೆ ಏನೋ ಹೊಳೆದಂತಾಗಿ ನಗು ನಿಂತಿತು. "ಹಾಗಾದ್ರೆ ಕೊನೇ ಮೆಸೇಜು? ಒಂದು ಮಾತು ಕೇಳ್ಬೇಕು ಅಂದಿದ್ದೆ."

ಆಕೆ ಜೆಟ್ಟಿಯ ಕಡೆ ನೋಡಿದರು. ಯಾರೋ ಮಕ್ಕಳು ಗಾಳ ಹಾಕುತ್ತಿದ್ದರು.

"ಅದು ಓಟಿನ ವಿಷ್ಯ ಅಲ್ಲ ಭೀಮ. ಟ್ಯಾಂಪಾದಲ್ಲಿ ನಂಗೊಂದು ಕೆಲಸ ಸಿಕ್ಕಿತ್ತು. ಜನವರಿ ಐದರೊಳಗೆ ಹೂಂ ಅನ್ನಬೇಕಿತ್ತು. ಬಂದ್ಬಿಡ್ಲಾ ಅಂತ ಕೇಳೋಕೆ ಮಾಡಿದ್ದೆ."

ಅಂಕಲ್ ಕಪ್ಪನ್ನು ಪಕ್ಕಕ್ಕೆ ಸರಿಸಿದರು.

"ಬಾ ಅಂತಿದ್ದೆ," ಎಂದರು.

"ಗೊತ್ತು. ಅದಕ್ಕೇ ಹನ್ನೊಂದು ಸಲ ಮಾಡ್ದೆ."

ಅಷ್ಟರಲ್ಲಿ ಮಗಳು ಬಂದಳು. ಅದಿತಿ, ಇಪ್ಪತ್ತೆರಡು ವರ್ಷ, ಅಡಿಲೇಡಿನಲ್ಲಿ ಓದುತ್ತಿದ್ದಾಳೆ. ತಾಯಿಯ ಕಣ್ಣು ನೋಡಿ, "ಮಮ್, ಯೂ ಓಕೇ?" ಎಂದಳು. ಕನಕ ಆಂಟಿ ಅವಳ ಮಣಿಕಟ್ಟು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡು, "ಇವ್ರು ಭೀಮಸೇನ ಅಂಕಲ್. ನನ್ನ ಕ್ಲಾಸ್‌ಮೇಟು," ಎಂದರು. ಹುಡುಗಿ ಕೈ ಕುಲುಕಿದಳು, ಅಂಕಲ್ ಏನು ಓದುತ್ತೀಯ ಎಂದು ಕೇಳಿದರು, ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಅವಳು ಐಸ್‌ಕ್ರೀಮ್ ತರಲು ಎದ್ದುಹೋದಾಗ ಕನಕ ಆಂಟಿ ತಗ್ಗಿದ ಧ್ವನಿಯಲ್ಲಿ ಹೇಳಿದರು:

"ಎಷ್ಟೋ ವರ್ಷ ನಿನ್ನ ಮೇಲೆ ಉರಿದುಬಿದ್ದಿದ್ದೀನಿ. ಉದಯ್ ಒಳ್ಳೆಯವರು, ಆದ್ರೂ ಉರೀತಿತ್ತು. ಇವಳು ಹುಟ್ಟಿದ ಮೇಲೆ ಅದೂ ಆಗ್ಲಿಲ್ಲ. ನೀನು ಅವತ್ತು ಫೋನ್ ಎತ್ತಿದ್ದಿದ್ರೆ ಇವಳಿರ್ತಿರ್ಲಿಲ್ಲ ಅಲ್ವಾ."

"ಹೌದು," ಎಂದರು ಅಂಕಲ್.

ಐಸ್‌ಕ್ರೀಮ್ ತಿಂದೆವು. ನಾಲ್ಕೂವರೆಗೆ ತಾಯಿ ಮಗಳು ನಮ್ಮನ್ನು ಟ್ರ್ಯಾಮ್‌ವರೆಗೆ ಬಿಟ್ಟರು. ಭಾನುವಾರ ಫೋನ್ ಮಾಡುತ್ತೇನೆ ಎಂದು ಆಂಟಿಯೇ ಹೇಳಿದರು. ಅಂಕಲ್ ಕೇಳಲು ಬಂದದ್ದೆಲ್ಲ ಸಿಕ್ಕಿತ್ತು: ಕ್ಷಮೆಯೂ, ಫೋನೂ, ಸ್ವಲ್ಪ ಬೈಗುಳವೂ.

ಟ್ರ್ಯಾಮಿನಲ್ಲಿ ಅಂಕಲ್ ಕಿಟಕಿಯ ಪಕ್ಕ ಕೂತರು. ನಾನು ಸಮಾಧಾನದ ಮಾತು ಹುಡುಕಿ, "ಆಂಟಿ ಎಷ್ಟು ಚೆನ್ನಾಗಿ ಮಾತಾಡಿದ್ರು ಅಂಕಲ್, ಅವರಿಗೆ ನಿಮ್ಮ ಮೇಲೆ ಬೇಜಾರಿಲ್ಲ," ಎಂದೆ.

"ಇಲ್ಲ, ಇರೋ ಹಾಗೂ ಇಲ್ಲ," ಎಂದರು. "ಅವಳಿಗೆ ಮಗಳಿದ್ದಾಳೆ. ಅವತ್ತು ಬೇರೆ ಥರ ಆಗ್ಬೇಕಿತ್ತು ಅಂತ ಅವಳು ಅನ್ನೋ ಹಾಗೇ ಇಲ್ಲ ಸುಪ್ರೀತಾ. ಆ ಮಗೂನ ನೋಡಿದ ಮೇಲೆ ಅವಳ ಎದುರಿಗೆ ನಾನೂ ಅನ್ನೋ ಹಾಗಿಲ್ಲ." ನನ್ನ ಕಡೆ ತಿರುಗಿದರು. ಟೇಬಲ್ಲಿನ ಮೇಲೆ ಮಲಗದೆ, ನೆಲ ನೋಡದೆ, ನೇರ ನನ್ನ ಮುಖ ನೋಡಿ ಅವರು ಮನಸ್ಸಿನ ಮಾತಾಡಿದ್ದು ಅದೇ ಮೊದಲು. "ಆದ್ರೂ ಹಾಗೆ ಅನ್ನಿಸುತ್ತಮ್ಮ. ಅನ್ನಿಸೋದು ಈಗ ನನಗೊಬ್ಬನಿಗೇ."